ಮೈಕ್‌ಸೆಟ್ ಮುನುಸ್ವಾಮಿಯ ಕಪ್ಲಿಂಗು

ಆ ದಿನ ಟೀ ಅಂಗಡಿಯಲ್ಲಿ ಮುನುಸ್ವಾಮಿ ಟೀ ಕುಡಿದು ಸುಮ್ಮನೆ ಎದ್ದು ಬಂದಿದ್ದರೆ ಈ ರಗಳೆ ಯಾವುದೂ ಆಗುತ್ತಿರಲಿಲ್ಲ. ಆದರೆ ಅವನು ಮೈಕ್‌ಸೆಟ್ ಇಟ್ಟುಕೊಂಡ ಮನುಷ್ಯ. ಹದಿನೈದು ವರ್ಷದಿಂದ ಸೇಲಂ ಸೀಮೆಯ ಗುಂಡುಕಲ್ಲೂರಿನ ಮದುವೆ, ಕಿವಿ ಚುಚ್ಚುವ ಶಾಸ್ತ್ರ, ತಿಥಿ ಎಲ್ಲದರಲ್ಲೂ 'ಹಲೋ ಹಲೋ' ಅಂದು ಅಂದು ರೂಢಿಯಾಗಿಬಿಟ್ಟಿತ್ತು. ಎದುರಿಗೆ ನಾಲ್ಕು ಜನ ಕೂತಿದ್ದರೆ ಸಾಕು, ಸ್ವಿಚ್ ಒತ್ತಿದ ಹಾಗೆ ಅವನ ಬಾಯಿ ತೆರೆದುಕೊಳ್ಳುತ್ತಿತ್ತು.

ಅವತ್ತು ಎದುರಿಗೆ ಕೂತಿದ್ದವರು ಸುಬ್ಬರಾಯಪ್ಪ ಗೌಡರು. ಮಗಳು ಶಶಿಕಲಾಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಮಗ್ಗದ ಊರು ಎಡಪ್ಪಾಡಿಯವರು. ಗುರುವಾರ ಸಾಯಂಕಾಲ ಗಂಡು ಕರೆಯುವ ಶಾಸ್ತ್ರ, ಶುಕ್ರವಾರ ಬೆಳಗ್ಗೆ ಮುಹೂರ್ತ, ಎಲ್ಲವೂ ಗೌಡರ ತೋಟದ ಮನೆಯ ಚಪ್ಪರದಲ್ಲಿ. ಗೌಡರಿಗೆ ಒಂದೇ ಚಿಂತೆ, ಕರೆಂಟು.

"ಮೊನ್ನೆ ನಮ್ಮ ಷಡ್ಡಕನ ಮನೆ ಮದುವೇಲಿ ಕಾಳಿಯಪ್ಪನ್ ಜನರೇಟರ್ ತರ್ಸಿದ್ರು. ಲೈಟು ಒಂದೇ ಸಮ ನಡುಗ್ತೈತೆ. ವಿಡಿಯೋದಾಗೆ ನೋಡುದ್ರೆ ಮದುವೆ ಹೆಣ್ಣು ಚಳಿಜ್ವರ ಬಂದೋಳಂಗೆ ಕಾಣ್ತಾಳೆ" ಅಂದರು ಗೌಡರು.

ಕಾಳಿಯಪ್ಪನ್ ಪಕ್ಕದೂರಿನ ಮೈಕ್‌ಸೆಟ್‌ನವನು. ಸುತ್ತ ಹತ್ತು ಊರಿಗೆ ಜನರೇಟರ್ ಇದ್ದದ್ದು ಅವನೊಬ್ಬನ ಹತ್ತಿರ. ಅವನ ಹೆಸರು ಕಿವಿಗೆ ಬಿದ್ದದ್ದೇ ತಡ, ಮುನುಸ್ವಾಮಿಯ ಸ್ವಿಚ್ಚು ಒತ್ತಿಹೋಯಿತು.

"ಗೌಡ್ರೇ, ನಾನೂ ಒಂದು ಜನರೇಟರ್ ಮಾಡ್ಸಿವ್ನಿ. ಬೆಳಕು ಒಂದ್ ಚೂರು ನಡುಗುದ್ರೆ ಈ ಜನ್ಮದಾಗೆ ಮೈಕ್ ಮುಟ್ಟಲ್ಲ!"

ಗೌಡರು ಲೋಟ ಕೆಳಗಿಟ್ಟರು. "ಸರಿ ಕಣಪ್ಪ. ಗುರುವಾರ ನಿಂದೇ. ನಡುಗ್ದೇ ಇದ್ರೆ ಬೆಳಗಾನ ಮುಹೂರ್ತಕ್ಕೂ ನೀನೇ. ಸಂಕ್ರಾಂತಿ ಕಳೆದ ಈ ತೈ ತಿಂಗ್ಳಲ್ಲಿ ನಮ್ಮ ನೆಂಟ್ರಲ್ಲಿ ಇನ್ನೂ ಐದು ಮದುವೆ ಐತೆ, ಅದ್ಕೂ ನೀನೇ. ನಡುಗ್ತೋ, ರಾತ್ರಿಗೇ ಕಾಳಿಯಪ್ಪನ್‌ಗೆ ಯೋಳ್ಕಳಿಸ್ತೀನಿ."

ಐದು ಮದುವೆ! ಮುನುಸ್ವಾಮಿ ಮನೆಗೆ ನಡೆದುಕೊಂಡು ಬರುವಷ್ಟರಲ್ಲಿ ಆ ಐದು ಚಪ್ಪರಕ್ಕೂ ಸೀರಿಯಲ್ ಬಲ್ಬು ಕಟ್ಟಿ ಮುಗಿಸಿದ್ದ, ಮನಸ್ಸಿನಲ್ಲಿ.

ನಿಜ ಏನೆಂದರೆ ಅವನ ಜನರೇಟರು ಇನ್ನೂ ಒಂದು ಮದುವೆಯನ್ನೂ ಕಂಡಿರಲಿಲ್ಲ. ಮುಚ್ಚಿಹೋದ ಅಕ್ಕಿ ಮಿಲ್ಲಿನಿಂದ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ತಂದಿದ್ದ. ಸೇಲಂನ ಗುಜರಿಯಿಂದ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ತಂದಿದ್ದ. ಎರಡನ್ನೂ ಎದುರುಬದುರಾಗಿ ಎರಡು ಚಕ್ರದ ಗಾಡಿಯ ಮೇಲೆ ಕೂರಿಸಿ, ಒಂದರ ಶಾಫ್ಟಿಗೆ ಇನ್ನೊಂದರ ಶಾಫ್ಟನ್ನು ಬೀಡು ಕಬ್ಬಿಣದ ಎರಡು ದಪ್ಪ ತಟ್ಟೆಗಳಿಂದ ಸೇರಿಸಿ ನಾಲ್ಕು ಬೋಲ್ಟು ಬಿಗಿದಿದ್ದ. ಕಪ್ಲಿಂಗ್ ಅಂದರೆ ಅಷ್ಟೇ ಅಂತ ಅವನ ತಿಳುವಳಿಕೆ.

ಗುರುವಾರ ಬೆಳಗ್ಗೆ ಆರು ಗಂಟೆಗೆ, ಒಂದು ಸಲ ನೋಡಿಬಿಡೋಣ ಅಂತ ಹಿತ್ತಿಲಲ್ಲಿ ಎಂಜಿನ್ ಸ್ಟಾರ್ಟ್ ಮಾಡಿದ. ಅದು ಎರಡು ಸಲ ಕೆಮ್ಮಿತು, ಮೂರನೆಯ ಸಲ ಹಿಡಿಯಿತು. ಬಲ್ಬು ಹತ್ತಿತು. ಗಾಡಿ ಕುಣಿಯತೊಡಗಿತು. ಆಮೇಲೆ 'ಟಣ್' ಅಂತ ಒಂದು ಸದ್ದು ಬಂತು. ಕಬ್ಬಿಣದ ತಟ್ಟೆಯ ಅರ್ಧ ಹೋಳು ಬೇಲಿ ಹಾರಿ ಪಕ್ಕದ ಎಲ್ಲಮ್ಮನ ಅಂಗಳಕ್ಕೆ ಹೋಗಿ, ಅವಳು ಆಗಷ್ಟೇ ಬಿಡಿಸಿದ್ದ ರಂಗೋಲಿಯ ನಟ್ಟನಡುವೆ ಕೂತಿತು.

ಎಲ್ಲಮ್ಮ ಹಿಟ್ಟಿನ ಗಿರಣಿಯವಳು. ಹೋಳನ್ನು ಸೆರಗಿನಲ್ಲಿ ಹಿಡಿದುಕೊಂಡೇ ಬಂದಳು.

"ಏನ್ಲಾ ಮುನುಸ್ವಾಮಿ, ನನ್ನ ಸಾಯಿಸೋಕೆ ಆಳು ಇಟ್ಟಿದ್ದೀಯಾ?"

"ಕಪ್ಲಿಂಗು ಒಡೆದೋಯ್ತು, ಅಕ್ಕ."

"ಒಡೀದೆ ಇನ್ನೇನು? ಬೆಲ್ಟ್ ಆಕ್ಲಾ! ನನ್ ಗಿರಣಿ ಇಪ್ಪತ್ತು ವರ್ಷದಿಂದ ಬೆಲ್ಟಲ್ಲೇ ಓಡ್ತೈತೆ. ಜಾರುದ್ರೆ ಒಂದಿಷ್ಟು ರಾಳ ಉದುರ್ಸುದ್ರಾಯ್ತು."

"ಬೆಲ್ಟ್ ಜಾರುದ್ರೆ ಲೈಟು ಮಂಕಾಗ್ತೈತಲ್ಲಕ್ಕ. ಕಾಳಿಯಪ್ಪನ್‌ದು ಬೆಲ್ಟೇ ಅಲ್ವಾ?"

"ರಾಗಿ ಎಂದಾದ್ರೂ ಮಂಕಾಗೈತಾ?" ಅಂದಳು ಎಲ್ಲಮ್ಮ. ಮುನುಸ್ವಾಮಿ ಅವಳ ಸೆರಗಿನಿಂದ ಹೋಳು ಈಸಿಕೊಂಡ.

ಅಷ್ಟರಲ್ಲಿ ಸದ್ದು ಕೇಳಿ ವೆಲ್ಡಿಂಗ್ ಅಂಗಡಿಯ ವೇಣು ಬಂದ. ವೇಣುವಿಗೆ ಲೋಕದ ಯಾವ ತೊಂದರೆಗಾದರೂ ಒಂದೇ ಮದ್ದು. ಎರಡೂ ಶಾಫ್ಟುಗಳನ್ನು ಬಗ್ಗಿ ನೋಡಿದ.

"ಕಪ್ಲಿಂಗೇ ಬ್ಯಾಡಣ್ಣ. ಈ ತುದಿ ಆ ತುದಿ ಸೇರ್ಸಿ ಸುತ್ತ ವೆಲ್ಡಿಂಗ್ ಆಕ್ಬಿಡ್ತೀನಿ. ಜನ್ಮಕ್ಕೂ ಬಿಡಲ್ಲ."

"ಆಮೇಲೆ ರಿಪೇರಿಗೆ ಬಿಚ್ಬೇಕು ಅಂದ್ರೆ?"

"ಕಟ್ ಮಾಡಿ ಕೊಡ್ತೀನಿ. ಅದ್ಕೆ ಬೇರೆ ಚಾರ್ಜು."

ಮೂರನೆಯವನು ಪಳನಿ. ಲೈನ್‌ಮನ್ ಆಗಿದ್ದು ರಿಟೈರ್ ಆದವನು, ಈಗ ಮದುವೆ ಮನೆಗಳಲ್ಲಿ ಮುನುಸ್ವಾಮಿಗೆ ವೈರಿಂಗ್ ಮಾಡಿಕೊಡುತ್ತಿದ್ದ. ಎಲ್ಲರೂ ಅವನ ಮುಖ ನೋಡಿದರು. ಪಳನಿ ಬೀಡಿ ಹಚ್ಚಿ, "ನಾನು ಕರೆಂಟು ಉಟ್ಟಿದ್ ಮೇಲಿನ ವಿಷಯಕ್ಕೆ ಮಾತ್ರ. ಉಟ್ಟೋಕ್ ಮುಂಚಿಂದು ನಂಗೆ ಗೊತ್ತಿಲ್ಲ" ಅಂದು ಸೀರಿಯಲ್ ಬಲ್ಬಿನ ಮೂಟೆ ಹೊತ್ತುಕೊಂಡು ಗೌಡರ ತೋಟಕ್ಕೆ ಹೊರಟುಹೋದ.

ಹೆಂಡತಿ ಸುಗುಣಾ ಕೊಟ್ಟಿಗೆಯಿಂದ ಬಂದು ಕೈ ತೊಳೆದಳು. "ಇವ್ರ ಮಾತು ಕೇಳ್ಕೊಂಡು ನಿಂತ್ರೆ ಸಾಯಂಕಾಲ ಆಗ್ತೈತೆ. ಓಮಲೂರಿಗೆ ಓಗು. ಲೇತ್‌ನೋರು ಅವ್ರೆ, ಅವ್ರಿಗೆ ಗೊತ್ತಿರ್ತೈತೆ."

ಮುನುಸ್ವಾಮಿಗೆ ಅದು ಸರಿ ಕಂಡಿತು. ಶಾಫ್ಟಿನ ಅಳತೆ ಬೇಕಲ್ಲ ಎಂದು ಸುಗುಣಾಳ ಹೂ ಕಟ್ಟುವ ನೂಲು ತೆಗೆದು, ಎಂಜಿನ್ ಶಾಫ್ಟಿಗೆ ಒಂದು ಸುತ್ತು ಸುತ್ತಿ ಕತ್ತರಿಸಿ ಒಂದು ಗಂಟು ಹಾಕಿದ, ಆಲ್ಟರ್ನೇಟರ್ ಶಾಫ್ಟಿಗೆ ಸುತ್ತಿ ಕತ್ತರಿಸಿ ಎರಡು ಗಂಟು ಹಾಕಿದ. ಅವರಪ್ಪ ಬಾವಿಯ ಗಾಲಿಗೂ ಹೀಗೇ ಅಳತೆ ತೆಗೆಯುತ್ತಿದ್ದರು. ನೂಲನ್ನು ಜೇಬಿಗೆ ಹಾಕಿಕೊಂಡು ಎಂಟು ಗಂಟೆಯ ಬಸ್ ಹತ್ತಿದ.

ಓಮಲೂರಿನ ಲೇತ್ ಅಂಗಡಿಯ ಮಾಲೀಕರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಕೆಲಸ ಮಾಡುವ ವಯಸ್ಸಾದವರು. ಮುನುಸ್ವಾಮಿಯ ತಮಿಳು ಎರಡು ವಾಕ್ಯ ಕೇಳಿದ್ದೇ, "ನಮ್ಮೋನಾ? ಯಾವೂರಪ್ಪಾ?" ಅಂತ ಕನ್ನಡಕ್ಕೆ ತಿರುಗಿದರು. ಮುನುಸ್ವಾಮಿ ಊರು ಹೇಳಿ, ಕತೆ ಹೇಳಿ, ಜೇಬಿನಿಂದ ನೂಲು ತೆಗೆದು ಅವರ ಅಂಗೈಯ ಮೇಲಿಟ್ಟ.

ಅವರು ಕನ್ನಡಕ ಮೂಗಿಗೆ ಇಳಿಸಿದರು. ಒಂದು ಗಂಟಿನ ನೂಲನ್ನು ಎಳೆದರು. ಅದು ಸ್ವಲ್ಪ ಉದ್ದವಾಯಿತು. ಬಿಟ್ಟರು. ಗಿಡ್ಡವಾಯಿತು.

"ಇದು ಸೈಜಾ?"

"ಊ ಸಾರ್. ಒಂದು ಗಂಟು ಎಂಜಿನ್ನು, ಎರಡು ಗಂಟು ಆಲ್ಟರ್ನೇಟ್ರು."

"ನೂಲು ತಂದಿದ್ದೀಯಲ್ಲಪ್ಪಾ, ಎಡಪ್ಪಾಡಿಗೆ ಓಗ್ಬೇಕಿತ್ತು. ಒಂದು ಟವಲ್ಲಾದ್ರೂ ನೇಯ್ದು ಕೊಟ್ಟಿರೋರು. ಶಾಫ್ಟಿಗೆ ಕೂದ್ಲೆಳೆಯಷ್ಟು ಲೂಸ್ ಆದ್ರೂ ನಿನ್ ಕಪ್ಲಿಂಗು ಮತ್ತೆ ಯಾರದಾದ್ರೂ ರಂಗೋಲಿ ಮೇಲೆ ಕೂರ್ತೈತೆ." ಸುತ್ತ ನಿಂತಿದ್ದ ಗಿರಾಕಿಗಳು ನಕ್ಕರು. "ಅಲ್ಲಾ, ಒಡೆದೋಗಿರೋ ಆ ತಟ್ಟೆ ಎಲ್ಲೈತೆ?"

"ಮನೇಲೈತೆ ಸಾರ್."

"ಶಾಫ್ಟ್ ಕೂರೋ ತೂತು ಅದ್ರಾಗೇ ಅಲ್ವೇನಯ್ಯಾ ಇರೋದು? ಅದನ್ನ ಬಿಟ್ಟು ನೂಲು ತಂದಿದ್ದೀಯಲ್ಲಾ! ಒಂದು ಅರ್ಧ ಉಳಿದಿದ್ರೂ ಅಳ್ಕೊಳ್ತೀನಿ, ತರ್ಸು."

ಹೋಗಿ ಬರಲು ಬಸ್ಸಿಗೆ ಎರಡು ಗಂಟೆ ಬೇಕು. ಮುನುಸ್ವಾಮಿ ಎದುರಿನ ಎಸ್‌ಟಿಡಿ ಬೂತಿಗೆ ಓಡಿದ. ಒಳಗೆ ಹೋಗಿ ರಿಸೀವರ್ ಎತ್ತಿದ ಮೇಲೆ ಅವನಿಗೆ ನೆನಪಾಯಿತು, ಗುಂಡುಕಲ್ಲೂರಿಗೆ ಇದ್ದ ಫೋನು ಒಂದೇ. ಅದು ಸುಬ್ಬರಾಯಪ್ಪ ಗೌಡರ ತೋಟದ ಮನೆಯ ನಡುಮನೆಯಲ್ಲಿತ್ತು.

ಬೇರೆ ದಾರಿ ಇರಲಿಲ್ಲ. ಗುರುತು ಸಿಗಬಾರದೆಂದು ತಮಿಳು ಬೆರೆಸಿ ಮೂಗಿನಿಂದ ಮಾತಾಡಿದ.

"ವಣಕ್ಕಂ ಸಾರ್, ಓಮಲೂರ್ಲಿಂದ ಪೇಸ್ತಿದ್ದೀನಿ. ವೈರ್‌ಮನ್ ಪಳನಿ ಅವ್ರೆ ಅಂತಲ್ಲ, ಒಂಚೂರು ಕೂಗ್ತೀರಾ?"

"ಯಾರು ನೀವು?" ಗೌಡರ ದನಿ.

"ಅವ್ರ ನೆಂಟ್ರು ಸಾರ್."

ಪಳನಿ ಬಂದ. ನಲವತ್ತು ವರ್ಷ ಕಂಬದ ಮೇಲಿನಿಂದ ಕೆಳಗಿನವರ ಜೊತೆ ಮಾತಾಡಿ ಅವನ ಗಂಟಲಿಗೆ ಮೆಲುದನಿ ಅನ್ನುವುದು ಮರೆತೇಹೋಗಿತ್ತು. ಮುನುಸ್ವಾಮಿ ಪಿಸುಗುಟ್ಟಿದ್ದನ್ನೆಲ್ಲ ಕೇಳಿ ಮನೆ ಹಾರುವಂತೆ ಕೂಗಿದ.

"ಏನೂ, ಕಪ್ಲಿಂಗ್ ತಟ್ಟೆ ಬೇಕಾ? ಬೆಳಗ್ಗೆ ಒಡೆದೋಯ್ತಲ್ಲ ಅದಾ? ಬಸ್ಸಲ್ಲಿ ಕಳಿಸ್ಬೇಕಾ? ಸರಿ! ಏನೂ? ಗೌಡ್ರಿಗೆ ಯೋಳಬ್ಯಾಡ್ವಾ? ಯೋಳಲ್ಲ ಬಿಡಪ್ಪಾ, ನಾನ್ಯಾಕ್ ಯೋಳ್ಲಿ!"

ಆ ಕಡೆ ರಿಸೀವರ್ ಕೈ ಬದಲಾದ ಸದ್ದು ಕೇಳಿಸಿತು.

"ನೆಂಟ್ರೇ" ಅಂದರು ಗೌಡರು, ಬಹಳ ಮೃದುವಾಗಿ. "ನಮ್ಮ ಮುನುಸ್ವಾಮಿ ಸಿಕ್ರೆ ಒಂದು ಮಾತು ಯೋಳಿ. ಗಂಡಿನ ಕಡೆಯೋರು ಆರು ಗಂಟೆಗೆ ಬತ್ತಾರೆ. ಕಾಳಿಯಪ್ಪನ್ ಮನೆ ದೂರ ಇಲ್ಲ."

"ಯೋಳ್ತೀನಿ ಸಾರ್" ಅಂದ ಮುನುಸ್ವಾಮಿ, ಇನ್ನೂ ಮೂಗಿನಿಂದಲೇ.

ಒಡೆದ ತಟ್ಟೆಗಳು ಹನ್ನೊಂದು ಮುಕ್ಕಾಲಿನ ಬಸ್ಸಿನಲ್ಲಿ ಗೋಣಿಚೀಲದೊಳಗೆ ಬಂದವು. ಕಂಡಕ್ಟರ್ ಚೀಲವನ್ನು ಬಾಗಿಲಿನಿಂದ ಕೆಳಗೆ ಹಾಕಿ, "ಯಾರಪ್ಪಾ ಈ ಕಬ್ಣದ ವಾರಸ್ದಾರ? ದಾರಿ ಪೂರ್ತಿ ನನ್ ಕಾಲ್ ಮೇಲೇ ಕೂತು ಬಂತು" ಅಂತ ಬೈದ. ಚೀಲದಲ್ಲಿ ಸುಗುಣಾ ಒಂದು ಡಬ್ಬಿ ಮೊಸರನ್ನವನ್ನೂ ಇಟ್ಟಿದ್ದಳು. ಡಬ್ಬಿ ಸೊಟ್ಟಗಾಗಿತ್ತು.

ಲೇತ್ ಮಾಲೀಕರು ಹೋಳುಗಳನ್ನು ಜೋಡಿಸಿ ಕ್ಯಾಲಿಪರ್ ಹಿಡಿದು ಅಳೆದರು. ಬೋಲ್ಟಿನ ತೂತುಗಳನ್ನು ನೋಡಿ ತಲೆ ಆಡಿಸಿದರು. ತೂತುಗಳು ಸವೆದು ಉದ್ದುದ್ದ ಆಗಿದ್ದವು. ಆಮೇಲೆ ಮೂರು ಸಾಮಾನು ತಂದು ಬೆಂಚಿನ ಮೇಲಿಟ್ಟರು.

ಮೊದಲನೆಯದು ಹಳೆಯದರಂಥದೇ ಗಟ್ಟಿ ಕಬ್ಬಿಣದ ಜೋಡಿ ತಟ್ಟೆ. ಎರಡನೆಯದರಲ್ಲಿ ಎರಡು ತಟ್ಟೆಗಳ ನಡುವೆ ಗೂಟಗಳು, ಗೂಟಗಳಿಗೆ ರಬ್ಬರಿನ ಉಂಗುರ. ಮೂರನೆಯದರಲ್ಲಿ ಎರಡು ಕಡೆಯ ಕಬ್ಬಿಣದ ಹಲ್ಲುಗಳ ಮಧ್ಯೆ ನಕ್ಷತ್ರದ ಆಕಾರದ ದಪ್ಪ ರಬ್ಬರ್ ಕೂತಿತ್ತು.

"ಯಾವುದು ಬೇಕು?"

ಮುನುಸ್ವಾಮಿ ಗಟ್ಟಿ ಕಬ್ಬಿಣದ್ದನ್ನು ಎತ್ತಿ ತೂಕ ನೋಡಿದ. "ಇದು ಗಟ್ಟಿ ಅಲ್ವಾ ಸಾರ್?"

"ಗಟ್ಟಿ ಅಂತಾನೇ ಒಡೆದೋಗಿದ್ದು ಕಣಯ್ಯಾ. ಕೇಳು. ನಿನ್ ಎಂಜಿನ್ನು ಒಂದೊಂದು ಸುತ್ತಿಗೂ ಒಂದು ಏಟು ಕೊಡ್ತೈತೆ, ಧಡ್ ಧಡ್ ಅಂತ. ಆ ಕಡೆ ಆಲ್ಟರ್ನೇಟ್ರು ನಯವಾಗಿ ತಿರುಗ್ಬೇಕು ಅಂತೈತೆ. ಮದುವೆ ದಲ್ಲಾಳಿ ನೋಡಿಲ್ವಾ? ಗಂಡಿನ ಕಡೆಯೋರು 'ನಿಮ್ ಹುಡುಗಿ ಕಪ್ಪು' ಅಂದ್ರೆ, ಹೆಣ್ಣಿನ ಕಡೆ ಬಂದು 'ಹುಡುಗಿ ಲಕ್ಷಣವಾಗವ್ಳೆ ಅಂದ್ರು' ಅಂತಾನೆ. ಏಟು ಅವನೇ ನುಂಗ್ತಾನೆ, ಸಂಬಂಧ ಮಾತ್ರ ದಾಟಿಸ್ತಾನೆ. ಈ ರಬ್ಬರ್ ಅಂಗೆ. ನಿನ್ ಈ ಗಟ್ಟಿ ತಟ್ಟೆ ಏನ್ ಮಾಡ್ತು? ಆ ಕಡೆ ಬೈಗುಳನ ಈ ಕಡೆಗೆ ಅಂಗೇ ತಂದು ಒಪ್ಪಿಸ್ತು."

ಇಷ್ಟು ಚೆನ್ನಾಗಿ ಮುನುಸ್ವಾಮಿಗೆ ಯಾರೂ ಏನನ್ನೂ ವಿವರಿಸಿರಲಿಲ್ಲ. "ಗೂಟದ್ದೂ ರಬ್ಬರೇ ಅಲ್ವಾ?"

"ಅದೂ ಆಗ್ತೈತೆ. ಆದ್ರೆ ಆ ಸಣ್ಣ ಉಂಗುರಗಳು ಬೇಗ ಸವೆದು, ಗೂಟ ಲಟಪಟ ಅಂದು, ಬೆಳಕು ನಡುಗೋಕ್ ಸುರು ಆಗ್ತೈತೆ. ನಿಂಗೆ ನಡುಗಲೇಬಾರ್ದು ತಾನೆ?"

"ನಡುಗಲೇಬಾರ್ದು ಸಾರ್. ಐದು ಮದುವೆ."

"ಅಂಗಾದ್ರೆ ನಕ್ಷತ್ರ."

ಮುನುಸ್ವಾಮಿ ನಕ್ಷತ್ರವನ್ನೇ ಆರಿಸಿದ. ಬದುಕಿನಲ್ಲಿ ಕಾರಣ ತಿಳಿದುಕೊಂಡು ಅವನು ತೆಗೆದುಕೊಂಡ ಮೊದಲ ತೀರ್ಮಾನ ಅದು. ಮಾಲೀಕರು ಲೇತಿಗೆ ಕಪ್ಲಿಂಗ್ ಬಿಗಿದು, ತೂತನ್ನು ಶಾಫ್ಟಿನ ಅಳತೆಗೆ ದೊಡ್ಡದು ಮಾಡಲು ಸ್ವಿಚ್ ಒತ್ತಿದರು.

ಲೇತು ತಿರುಗಲಿಲ್ಲ. ಮೇಲಿನ ಫ್ಯಾನು ನಿಧಾನವಾಗುತ್ತ ನಿಂತಿತು.

"ಕರೆಂಟ್ ಕಟ್" ಅಂದರು ಮಾಲೀಕರು, ಬೇಸರವೂ ಇಲ್ಲದೆ. "ಎರಡು ಗಂಟೆಗೆ ಬತ್ತದೆ. ಊಟ ಮಾಡ್ಕೊಂಡ್ ಬಾ."

"ನಿಮ್ಮತ್ರ ಜನರೇಟರ್ ಇಲ್ವಾ ಸಾರ್?"

"ಇತ್ತು. ಕಪ್ಲಿಂಗ್ ಓಗೈತೆ" ಅಂದು ಅವರು ಬೆಂಚಿನ ಮೇಲೆ ಮಲಗಿದರು.

ಮುನುಸ್ವಾಮಿ ಸೊಟ್ಟ ಡಬ್ಬಿಯ ಮೊಸರನ್ನ ತಿಂದು ಗೋಡೆಯ ಗಡಿಯಾರ ನೋಡುತ್ತ ಕೂತ. ಕರೆಂಟು ಎರಡೂವರೆಗೆ ಬಂತು. ಮೂರು ಗಂಟೆಯ ಬಸ್ ಹೊರಡುವಾಗ ಅವನು ಕಪ್ಲಿಂಗನ್ನು ಟವಲಿನಲ್ಲಿ ಸುತ್ತಿ ಎದೆಗವಚಿಕೊಂಡು ಫುಟ್‌ಬೋರ್ಡಿನ ಮೇಲಿದ್ದ. ಬಾಗಿಲ ಪಕ್ಕದ ಸೀಟಿನ ಹೆಂಗಸು, "ಎಷ್ಟು ತಿಂಗ್ಳ ಕೂಸಣ್ಣ? ಗಾಳಿ ಒಡೀತೈತೆ, ಒಳಗೆ ಬಾ" ಅಂದಳು.

ಊರಿಗೆ ಬಂದರೆ ಹಿತ್ತಿಲಲ್ಲಿ ಜನರೇಟರೇ ಇಲ್ಲ. ಗೌಡರ ಟ್ರ್ಯಾಕ್ಟರು ಗಾಡಿಯನ್ನು ಆಗಲೇ ಎಳೆದುಕೊಂಡು ಹೋಗಿತ್ತು. ತೋಟಕ್ಕೆ ಓಡಿದರೆ ಚಪ್ಪರದ ಬಳಿಯೂ ಇಲ್ಲ. ನಾಗಸ್ವರದವರು, ಎಂಜಿನ್ ಪಕ್ಕದಲ್ಲಿ ಕೂತು ಊದುವುದಿಲ್ಲ ಅಂತ ಹಟ ಹಿಡಿದದ್ದರಿಂದ ಅದನ್ನು ಮರಗೆಣಸಿನ ಹೊಲದ ಆಚೆ ತುದಿಗೆ, ಬಾವಿಯ ಹಿಂದಕ್ಕೆ ತಳ್ಳಿದ್ದರು. ಅಲ್ಲಿಂದ ಚಪ್ಪರದವರೆಗೆ ಪಳನಿ ಕೇಬಲ್ ಎಳೆದಿದ್ದ.

ಗಾಡಿಯ ಸುತ್ತ ಜನ ಸೇರಿದ್ದರು. ಎಲ್ಲಮ್ಮ ಗಿರಣಿಯ ಹಳೆ ಬೆಲ್ಟನ್ನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದಳು. ವೇಣು ವೆಲ್ಡಿಂಗ್ ರಾಡು ಹಿಡಿದು, ಶವ ಬರುವುದನ್ನು ಕಾಯುವ ಸುಡುಗಾಡಿನವನ ಹಾಗೆ ತಾಳ್ಮೆಯಿಂದ ಕೂತಿದ್ದ. ಟವಲ್ ಬಿಚ್ಚಿದಾಗ ರಬ್ಬರ್ ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡರು.

"ರಬ್ಬರಾ? ಎಂಜಿನ್ನಿಗೆ?" ಅಂದ ವೇಣು.

"ಚಪ್ಲಿ ಅಟ್ಟೆ ಇದ್ದಂಗೈತೆ" ಅಂದಳು ಎಲ್ಲಮ್ಮ. "ಒಂದ್ ಗಂಟೆ ಬತ್ತದಾ?"

ಸುಗುಣಾ ಮಾತ್ರ ಸೀರೆ ಎತ್ತಿ ಕಟ್ಟಿ ಗಾಡಿಯ ಪಕ್ಕ ಕೂತಳು. ಎರಡು ಶಾಫ್ಟುಗಳೂ ಒಂದೇ ನೇರಕ್ಕೆ ಬರಬೇಕು, ಇಲ್ಲದಿದ್ದರೆ ರಬ್ಬರೂ ಉಳಿಯುವುದಿಲ್ಲ ಅಂತ ಲೇತ್‌ನವರು ಹೇಳಿ ಕಳಿಸಿದ್ದರು. ಕಪ್ಲಿಂಗಿನ ಎರಡು ಮುಖಗಳ ನಡುವೆ ಹ್ಯಾಕ್ಸಾ ಬ್ಲೇಡು ತೂರಿಸಿ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಸಂದು ಒಂದೇ ಸಮ ಇದೆಯೇ ಅಂತ ನೋಡಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿ ಪಳಗಿದ ಸುಗುಣಾಳ ಕಣ್ಣು ತಪ್ಪುವುದಲ್ಲ.

"ಆಲ್ಟರ್ನೇಟ್ರು ಈ ಕಡೆ ಒಂಚೂರು ಎತ್ತು. ಸಾಕು. ಅಯ್ಯೋ ಸಾಕು ಅಂದ್ನಲ್ಲ! ಇಳಿಸು."

ಮುನುಸ್ವಾಮಿ ಪೌಡರ್ ಡಬ್ಬಿಯ ತಗಡು ಕತ್ತರಿಸಿ ಆಲ್ಟರ್ನೇಟರಿನ ಕಾಲಿನ ಕೆಳಗೆ ಕೊಟ್ಟ. ಎತ್ತಿದ. ಇಳಿಸಿದ. ಬಿಗಿದ. ಬಿಚ್ಚಿದ. ನಾಲ್ಕೂವರೆಗೆ ತೋಟದ ಮನೆಯ ಕರೆಂಟು ಹೋಯಿತು; ಊರಿನದು ಬೇರೆ ಲೈನು, ಅಲ್ಲಿ ಹೋಗಲಿಲ್ಲ. ಗೌಡರು ಆಗಲೇ ಗಂಡಿನ ಕಡೆಯವರನ್ನು ಎದುರುಗೊಳ್ಳಲು ಕಾರಿನಲ್ಲಿ ಮೇನ್ ರೋಡಿಗೆ ಹೋಗಿದ್ದರು. ಮನೆಯಲ್ಲಿ ಹೆಂಗಸರು ಹಗಲಿನ ಬೆಳಕಿನಲ್ಲೇ ಜಡೆ ಹಾಕಿಕೊಳ್ಳುತ್ತಿದ್ದರು. ಬೆಲ್ಟೂ ಬೇಡ, ವೆಲ್ಡಿಂಗೂ ಬೇಡ ಎಂದು ಖಾತ್ರಿಯಾಗಿ ಎಲ್ಲಮ್ಮನೂ ವೇಣುವೂ ಬಟ್ಟೆ ಬದಲಾಯಿಸಲು ಊರಿಗೆ ಹೋದರು.

ಐದೂವರೆಗೆ ಸುಗುಣಾ ಬ್ಲೇಡನ್ನು ಹೊರಗೆಳೆದು, "ಊ, ಈಗ ಸರಿ" ಅಂದಳು. ಚಕ್ರದ ಮುಂದೆ ಒಂದು ನಿಂಬೆಹಣ್ಣು ಇಟ್ಟಳು. ಮುನುಸ್ವಾಮಿ ಹ್ಯಾಂಡಲ್ ತಿರುಗಿಸಿದ.

ಎಂಜಿನ್ ಹಿಡಿಯಿತು. ಗಾಡಿ ಕುಣಿಯಲಿಲ್ಲ. ಮೀಟರಿನ ಮುಳ್ಳು ಮೇಲೆ ಹತ್ತಿ ಒಂದು ಕಡೆ ನಿಂತಿತು. ಗೋಡೆಗೆ ಮೊಳೆ ಹೊಡೆದ ಹಾಗೆ ಅಲ್ಲೇ ನಿಂತಿತು. ದೂರದ ಚಪ್ಪರದಲ್ಲಿ ಟ್ಯೂಬ್‌ಲೈಟು, ಸೀರಿಯಲ್ ಬಲ್ಬು, ಬಾಗಿಲಿಗೆ ಕಟ್ಟಿದ್ದ ಬಲ್ಬಿನ ನವಿಲು ಎಲ್ಲವೂ ಒಟ್ಟಿಗೆ ಹತ್ತಿಕೊಂಡವು. ಮುನುಸ್ವಾಮಿ ಕಣ್ಣು ಕಿರಿದು ಮಾಡಿ ನೋಡಿದ, ಅಗಲ ಮಾಡಿ ನೋಡಿದ. ಬೆಳಕು ನಡುಗುತ್ತಿರಲಿಲ್ಲ. ಅವನ ಜೀವಮಾನದಲ್ಲಿ ಅಂಥ ಬೆಳಕು ಸರ್ಕಾರದ ಕಂಬದಿಂದಲೂ ಬಂದಿರಲಿಲ್ಲ.

ಅವನು ಬಾವಿಯ ನೀರಿನಲ್ಲಿ ಮುಖ ತೊಳೆದು ಬಿಳಿ ಅಂಗಿ ಹಾಕಿಕೊಂಡ. ಎಂಜಿನ್ ಬಳಿ ಸುಗುಣಾಳನ್ನು ಕೂರಿಸಿದ. ಪಂಪ್ ರೂಮಿನಲ್ಲಿ, ಜನರೇಟರಿನಿಂದ ಲೈನ್ ಕರೆಂಟಿಗೆ ಬದಲಾಯಿಸುವ ಸ್ವಿಚ್ಚಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದ ಪಳನಿಗೆ ಗಟ್ಟಿಯಾಗಿ ಹೇಳಿದ.

"ಪಳನಿಯಣ್ಣ, ಲೈನ್ ಕರೆಂಟು ಬಂದ್ರೆ ಈ ಬಲ್ಬು ಹತ್ಕೊಳ್ತೈತೆ. ಆಗ ತಕ್ಷಣ ಬದಲಾಯಿಸ್ಬೇಕು. ಕಣ್ಣು ಮಿಟುಕ್ಸೋದ್ರೊಳಗೆ. ಚಪ್ಪರದಾಗೆ ಒಬ್ರಿಗೂ ಗೊತ್ತಾಗ್ಬಾರ್ದು."

"ನಂಗೆ ಸ್ವಿಚ್ಚು ಯೋಳ್ಕೊಡ್ತೀಯೇನ್ಲಾ?" ಅಂದ ಪಳನಿ.

ಆರು ಗಂಟೆಗೆ ಗಂಡಿನ ಕಡೆಯವರ ವ್ಯಾನು ಬಂತು. ನಾಗಸ್ವರ, ತವಿಲು, ಪಟಾಕಿ, ಸ್ಪೀಕರಿನಲ್ಲಿ ಹಾಡು. ಹೊಲದ ಆಚೆಯ ಎಂಜಿನ್ ಸದ್ದು ಇದರ ನಡುವೆ ಯಾರೋ ಗೆಣಸಿಗೆ ನೀರು ಬಿಡುತ್ತಿರುವ ಸದ್ದಿನಂತೆ ಕೇಳುತ್ತಿತ್ತು. ಮುನುಸ್ವಾಮಿ ಮೈಕಿನ ಮೇಜಿನ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಕೈ ಕಟ್ಟಿ ನಿಂತ. ಹೊಗಳುವವರು ಎಡಗಡೆಯಿಂದ ಬರುತ್ತಾರೋ ಬಲಗಡೆಯಿಂದಲೋ ಅಂತ ನೋಡುತ್ತಿದ್ದ.

ಮೊದಲು ಬಂದವಳು ಎಲ್ಲಮ್ಮ, ರೇಷ್ಮೆ ಸೀರೆಯಲ್ಲಿ. "ಪುಣ್ಯವಂತ ಕಣ್ಲಾ ನೀನು. ಇವತ್ತು ನೋಡು, ಕರೆಂಟೇ ಓಗ್ಲಿಲ್ಲ!"

"ಅಕ್ಕಾ, ಕರೆಂಟು ನಾಲ್ಕೂವರೆಗೇ ಓಯ್ತು. ಇದು ನನ್ ಜನರೇಟರ್!"

"ಸುಮ್ಕಿರು. ಜನರೇಟರ್ ಲೈಟು ನಂಗ್ ಗೊತ್ತಿಲ್ವಾ? ಪಟಪಟ ಅಂತೈತೆ. ಇದು ಕರೆಂಟ್ ಲೈಟು."

ವೇಣು ಬಂದ. ತಲೆ ಎತ್ತಿ ಟ್ಯೂಬ್‌ಲೈಟನ್ನು ಬಹಳ ಹೊತ್ತು ನೋಡಿದ. "ಬಚಾವಾದೆ ಅಣ್ಣ. ಆ ರಬ್ಬರು ನೋಡಿದಾಗ್ಲೇ ಅಂದ್ಕೊಂಡೆ, ಕರೆಂಟ್ ಓದ್ರೆ ನೀನ್ ಕೆಟ್ಟೆ ಅಂತ. ಓಗ್ಲಿಲ್ವಲ್ಲ, ಬಿಡು."

ಮುನುಸ್ವಾಮಿಗೆ ಮೈ ಉರಿಯಿತು. ಸುಬ್ಬರಾಯಪ್ಪ ಗೌಡರನ್ನು ಹುಡುಕಿಕೊಂಡು ಹೋದ. ಅವರು ಬೀಗರನ್ನು ಕೂರಿಸಿ ಪನ್ನೀರು ಚಿಮುಕಿಸುತ್ತಿದ್ದರು.

"ಗೌಡ್ರೇ, ನೋಡಿದ್ರಾ ಬೆಳಕು?"

"ನೋಡ್ದೆ ಕಣಪ್ಪ, ದೇವ್ರು ದೊಡ್ಡೋನು. ನಿನ್ ಮಾನವೂ ಉಳೀತು, ನನ್ ಮಾನವೂ ಉಳೀತು. ಕರ್ಪೂರ ಹಚ್ಬೇಕು ಕರೆಂಟಿನೋರ್ಗೆ."

"ಅಲ್ಲ ಗೌಡ್ರೇ! ಇದು ಜನರೇಟರ್ ಬೆಳಕು. ಸಾಯಂಕಾಲದಿಂದ ನಂದೇ ಓಡ್ತಾ ಐತೆ!"

ಗೌಡರು ಟ್ಯೂಬ್‌ಲೈಟ್ ನೋಡಿದರು. ಮುನುಸ್ವಾಮಿಯ ಮುಖ ನೋಡಿದರು. ಬೀಗರ ಎದುರಿಗೆ ಜಗಳ ಬೇಡ ಅನ್ನುವ ಹಾಗೆ ನಕ್ಕರು. "ಓಡ್ತಾ ಐತೆ ಸರಿ. ಸುಮ್ನೆ ಓಡ್ತಾ ಐತೆ. ಲೈಟು ನಡುಗ್ತಾ ಇಲ್ವಲ್ಲಪ್ಪಾ."

"ಅದೇ ಗೌಡ್ರೇ! ನಡುಗಲ್ಲ ಅಂತ ತಾನೆ ನಾನು ಯೋಳಿದ್ದು! ಅದ್ಕೇ ತಾನೆ ರಬ್ಬರ್ ಕಪ್ಲಿಂಗ್..."

"ಬ್ಯಾಡ ಮುನುಸ್ವಾಮಿ. ಮಾಡದ ಕೆಲ್ಸಕ್ಕೆ ಹೆಸ್ರು ಕೇಳಬಾರ್ದು."

ಆ ಮಾತು ತಾಗಿತು. ಹಬೆ ತುಂಬಿದ ಇಡ್ಲಿ ಪಾತ್ರೆಯ ಮುಚ್ಚಳದಂತೆ ಮುನುಸ್ವಾಮಿಯ ತುಟಿ ಅದುರಿತು. "ಸರಿ! ಈಗ್ಲೇ ಓಗಿ ಎಂಜಿನ್ ನಿಲ್ಲಿಸ್ತೀನಿ. ಚಪ್ಪರ ಕತ್ತಲಾದ್ಮೇಲೆ ಎಲ್ರೂ ಬಂದು ನನ್ ಕಾಲ್ ಇಡ್ಕೋಬೇಕು!" ಅಂತ ಕೂಗಿ, ಪಂಚೆ ಎತ್ತಿ ಕಟ್ಟಿ, ಮರಗೆಣಸಿನ ಹೊಲದೊಳಗೆ ನುಗ್ಗಿದ. ಅರ್ಧ ಚಪ್ಪರ ಎದ್ದು ನಿಂತು ಅವನು ಹೋಗುವುದನ್ನು ನೋಡಿತು.

ಸುಗುಣಾ ಎಂಜಿನ್ ಪಕ್ಕದಲ್ಲಿ ಎಣ್ಣೆ ಡಬ್ಬಿಯ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದಳು. "ಏನಾಯ್ತು? ಚೆನ್ನಾಗ್ ಓಡ್ತೈತಲ್ಲ!"

"ಅದೇ ಆಗಿದ್ದು!" ಅಂದ ಮುನುಸ್ವಾಮಿ, ಸ್ಟಾಪ್ ಹಿಡಿಯನ್ನು ಎಳೆದೇಬಿಟ್ಟ.

ಎಂಜಿನ್ ನಾಲ್ಕು ಉಸಿರು ಬಿಟ್ಟು ನಿಂತಿತು. ಹೊಲದಲ್ಲಿ ಹುಳುಗಳ ಸದ್ದು ಕೇಳಿಸಿತು. ಮುನುಸ್ವಾಮಿ ಸೊಂಟದ ಮೇಲೆ ಕೈಯಿಟ್ಟು ಚಪ್ಪರದ ಕಡೆ ತಿರುಗಿದ.

ಚಪ್ಪರ ಜಗಮಗ ಹೊಳೆಯುತ್ತಿತ್ತು. ನವಿಲು ಗರಿ ಬಿಚ್ಚುತ್ತಿತ್ತು, ಮಡಚುತ್ತಿತ್ತು.

ಪಂಪ್ ರೂಮಿನ ಕಡೆಯಿಂದ ಪಳನಿ ಟಾರ್ಚ್ ಬೀಸುತ್ತ, ಇಡೀ ತೋಟಕ್ಕೆ ಕೇಳುವ ಹಾಗೆ ಕೂಗಿದ. "ಮುನುಸ್ವಾಮೀ! ಲೈನ್ ಬಂತು! ಬದಲಾಯಿಸ್ಬಿಟ್ಟೆ! ಒಬ್ರಿಗೂ ಗೊತ್ತಾಗ್ಲಿಲ್ಲ!"

ಮುನುಸ್ವಾಮಿ ತಿರುಗಿ ಬರುವಾಗ ಗೆಣಸಿನ ಗಿಡಗಳ ನಡುವೆ ಎರಡು ಸಲ ಎಡವಿದ. ಚಪ್ಪರದಲ್ಲಿ ಯಾರೂ ಅವನನ್ನು ಗೇಲಿ ಮಾಡಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು. ಎಲ್ಲಮ್ಮ ತಾನಾಗಿಯೇ ಒಂದು ಲೋಟ ಪಾನಕ ತಂದು ಕೈಗಿಟ್ಟಳು. "ಕುಡೀಲಾ. ಬೆಳಗ್ಗಿಂದ ಬಿಸ್ಲಲ್ಲಿ ಓಡಾಡಿದ್ದೀಯ."

ಗೌಡರು ಅವನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದರು. "ಬೇಜಾರ್ ಮಾಡ್ಕೋಬ್ಯಾಡ. ಇವತ್ತು ಕರೆಂಟಿತ್ತು, ಸರಿಹೋಯ್ತು. ಬೆಳಗಾನ ಮುಹೂರ್ತಕ್ಕೆ ಕಾಳಿಯಪ್ಪನ್‌ಗೆ ಯೋಳ್ಕಳಿಸ್ದೆ. ಮಿಕ್ಕಿದ ಮದುವೆಗಳಿಗೂ ಅವ್ನೇ ಇರ್ಲಿ ಅಂದೆ."

"ಅವುಂದು ನಡುಗ್ತೈತಲ್ಲ ಗೌಡ್ರೇ!" ಅಂದ ಮುನುಸ್ವಾಮಿ. "ನೀವೇ ಯೋಳಿದ್ರಲ್ಲ, ಚಳಿಜ್ವರ ಅಂತ!"

"ನಡುಗ್ತೈತೆ. ಆದ್ರೆ ನೋಡು, ನಡುಗುದ್ರೆ ಜನರೇಟರ್ ಓಡ್ತೈತೆ ಅಂತ ನಾಲ್ಕು ಜನಕ್ಕೆ ಗೊತ್ತಾಗ್ತೈತೆ. ಎಡಪ್ಪಾಡಿಯೋರು ಬಂದವ್ರೆ. ಎರಡು ದಿವ್ಸದ ಮದುವೇಲಿ ಒಂದ್ ಸಲನೂ ಜನರೇಟರ್ ಕಾಣ್ಲಿಲ್ಲ ಅಂದ್ರೆ ಏನಂದ್ಕೊಂಡಾರು?" ಗೌಡರು ಅವನ ಬೆನ್ನು ತಟ್ಟಿದರು. "ಒಂದು ಉಪಕಾರ ಮಾಡು. ಮೈಕ್ ನಿಂದೇ ಅಲ್ವಾ? ಬೆಳಗ್ಗೆ ಜನರೇಟರ್ ಏರ್ಪಾಡು ಐತೆ ಅಂತ ಒಂದು ಮಾತು ಯೋಳ್ಬಿಡು. ಕಾಳಿಯಪ್ಪನ್ ಹೆಸ್ರೂ ಸೇರ್ಸು."

ಮುನುಸ್ವಾಮಿ ಮೈಕಿನ ಮುಂದೆ ಹೋಗಿ ನಿಂತ. ಬೆರಳಿನಿಂದ ಎರಡು ಸಲ ತಟ್ಟಿದ. ಹಾಡು ನಿಲ್ಲಿಸಿದ.

"ಹಲೋ, ಹಲೋ. ಬಂದಿರುವ ಬಂಧು ಬಳಗದವರಿಗೆಲ್ಲ ನಮಸ್ಕಾರ. ನಾಳೆ ಬೆಳಗಿನ ಮುಹೂರ್ತಕ್ಕೆ ಕಾಳಿಯಪ್ಪನ್ ಅವರ ಜನರೇಟರ್ ಏರ್ಪಾಡು ಮಾಡಲಾಗಿದೆ. ನಂಡ್ರಿ, ವಣಕ್ಕಂ."

ಚಪ್ಪರದಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಗಂಡಿನ ಸೋದರಮಾವ ಎಲೆ ಅಡಿಕೆಯ ಬಾಯನ್ನು ಒಂದು ಪಕ್ಕಕ್ಕೆ ಮಾಡಿಕೊಂಡು, ಮೈಕ್ ಕೆಳಗಿಡುತ್ತಿದ್ದ ಮುನುಸ್ವಾಮಿಯ ಕಡೆ ಬಗ್ಗಿ ಕೇಳಿದ.

"ಅಂಗಾದ್ರೆ ಇವತ್ತು ಯಾಕಪ್ಪಾ ಜನರೇಟರ್ ತರ್ಸಿಲ್ಲ?"